ಮತ್ತೆ ಕಂಡ ವಿಜಾಪುರ

(ನಾಗಪುರದ ಪ್ರತಾಪ ನಗರದಲ್ಲಿ ನೆರೆದಿದ್ದ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಡಿಸೆಂಬರಿನಲ್ಲಿ ನಮ್ಮವರು ಹನ್ನೊಂದು ಮಂದಿ ವಿಜಾಪುರಕ್ಕೆ ಹೋಗಿ ಬಂದೆವು. ಹೋಗಿ ಬಂದವರು ತಮ್ಮ ತಮ್ಮ ಮನೆಯಲ್ಲಿ ಸುಮ್ಮನೆ ಕುಳಿತರೆ ಆಗದು, ಕಂಡದ್ದನ್ನು ನಾಲ್ಕು ಜನರ ಮುಂದೆ ಹೇಳಲೇಬೇಕು ಎಂದು ಕಾರ್ಯದರ್ಶಿಗಳು ಪಟ್ಟು ಹಿಡಿದರು. ಭಾಷಣ ಮಾಡಿ ನಮಗೆ ರೂಢಿಯಿಲ್ಲ. ಗಿರಣಿಯ ಮಗ್ಗದ ಖಾತೆಯಲ್ಲಿ ಇಪ್ಪತ್ತಾರು ವರ್ಷ ಕಳೆದವರಿಗೆ ಒಂದೋ ಕೂಗಿ ಮಾತಾಡುವುದು ಗೊತ್ತು, ಇಲ್ಲವೆ ಕೈಸನ್ನೆ ಗೊತ್ತು. ನಮ್ಮ ಧ್ವನಿ ಏರಿದರೆ ಜಗಳಕ್ಕೆ ನಿಂತಿದ್ದಾರೆಂದು ಯಾರೂ ತಿಳಿಯಬಾರದು.

ಹನ್ನೊಂದು ಮಂದಿಯಲ್ಲಿ ನಾಲ್ವರು ನಾವು ವಿಜಾಪುರ ಜಿಲ್ಲೆಯವರು. ಐವರು ಉಡುಪಿ, ಕುಂದಾಪುರದ ಕಡೆಯವರು; ಗೋಲಗುಂಬಜವನ್ನು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ ನೋಡಿದವರು. ಉಳಿದ ಇಬ್ಬರು ಮೊಮ್ಮಕ್ಕಳು. ಅವರು ಕ್ಯಾಲೆಂಡರನ್ನೂ ನೋಡಿದವರಲ್ಲ.

ಮೊದಲು ಹಳೆಯ ಪ್ರವಾಸದ ಮಾತು. ನಾವು ವಿಜಾಪುರವನ್ನು ಮೊದಲು ನೋಡಿದ್ದು 1968ರಲ್ಲಿ. ನಮಗೆ ಹನ್ನೆರಡು ವರ್ಷ. ಇಂಡಿ ತಾಲೂಕಿನ ಹಳ್ಳಿಯ ಶಾಲೆಯಿಂದ ಮಾಸ್ತರರು ಹುಡುಗರನ್ನು ಪ್ರವಾಸಕ್ಕೆ ಕರೆದೊಯ್ಯುವುದೆಂದು ಗೊತ್ತಾಯಿತು. ತಲೆಗೆ ಐದು ರೂಪಾಯಿ, ಜೊತೆಗೆ ಎರಡು ದಿನದ ಬುತ್ತಿ. ಬುತ್ತಿಗೆ ತೊಂದರೆಯಿರಲಿಲ್ಲ, ಸಜ್ಜೆಯ ರೊಟ್ಟಿ, ಶೇಂಗಾದ ಹಿಂಡಿ ಮನೆಯಲ್ಲಿದ್ದವು. ಐದು ರೂಪಾಯಿ ಇರಲಿಲ್ಲ. ನಮ್ಮ ಅಣ್ಣ ಅದಕ್ಕೆ ನಾಲ್ಕು ವರ್ಷ ಮೊದಲೇ ಊರು ಬಿಟ್ಟು ಇದೇ ನಾಗಪುರಕ್ಕೆ ಬಂದು, ಸೀತಾಬರ್ಡಿಯ ಒಂದು ಹೋಟೇಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸಕ್ಕೆ ನಿಂತಿದ್ದ. ಅವನಿಗೆ ಕಾರ್ಡು ಬರೆದೆವು. ಹದಿನೈದು ದಿನಕ್ಕೆ ಮನಿಯಾರ್ಡರು ಬಂತು. ಐದಲ್ಲ, ಏಳು ರೂಪಾಯಿ. ಕೂಪನ್ನಿನ ಮೇಲೆ ಪೆನ್ಸಿಲಿನಿಂದ, ‘ಎರಡು ರೂಪಾಯಿ ಕೈಖರ್ಚಿಗೆ. ಎಲ್ಲಾ ಸರಿಯಾಗಿ ನೋಡಿ ಬಂದು ನನಗೆ ಬರೆ’ ಎಂದಿದ್ದ.

ಇಂಡಿ ರೋಡ್ ಸ್ಟೇಶನ್ನಿನಲ್ಲಿ ಮೀಟರ್ ಗೇಜಿನ ಚಿಕ್ಕ ಗಾಡಿ ಹತ್ತಿ ಹೋದೆವು. ವಿಜಾಪುರ ಬರುವುದಕ್ಕಿಂತ ಎಷ್ಟೋ ಮೊದಲೇ ಗೋಲಗುಂಬಜ ಬಂತು. ಬಯಲಿನಲ್ಲಿ ಯಾರೋ ದೊಡ್ಡ ಕೊಳಗ ಬೋರಲು ಹಾಕಿದ ಹಾಗೆ ಕಾಣುತ್ತಿತ್ತು. ಗಾಡಿ ಓಡಿದಷ್ಟೂ ಅದು ದೂರವೇ ಇರುತ್ತಿತ್ತು. ಮೇಲೆ ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಹೋದಾಗ ಮಾಸ್ತರರು, ‘ಒಬ್ಬೊಬ್ಬರೇ ಕೂಗ್ರಿ, ಏಳು ಸಲ ತಿರುಗಿ ಬರತದ, ಎಣಸ್ರಿ’ ಎಂದರು. ಒಬ್ಬ ತನ್ನ ಹೆಸರು ಕೂಗಿದ. ಒಬ್ಬ ಎಮ್ಮೆಯಂತೆ ಕೂಗಿದ. ನಮಗೆ ಏನು ತೋಚಿತೋ, ‘ಅಣ್ಣಾ’ ಎಂದೆವು. ಏಳು ಸಲ ಬಂತು. ಬೆರಳು ಮಡಚಿ ಎಣಿಸಿದ್ದು ನಿನ್ನೆಯ ಹಾಗೆ ನೆನಪಿದೆ.

ಊರಿಗೆ ಬಂದು ಬರೆದೆವು: ‘ನಿನ್ನನ್ನು ಒಂದು ಸಲ ಕರೆದರೆ ಗುಂಬಜ ಏಳು ಸಲ ಕರೆಯಿತು.’ ಅಣ್ಣನ ಉತ್ತರ ಬಂತು: ‘ಅದಕ್ಕೇ ಆವತ್ತು ಒಂದು ಬಸಿ ಕೈ ಜಾರಿ ಒಡೆಯಿತು. ನಾನೂ ಒಂದು ಸಲ ನೋಡಬೇಕು.’ ಹುಟ್ಟಿದೂರಿನಿಂದ ಐವತ್ತು ಅರವತ್ತು ಕಿಲೋಮೀಟರಿನಲ್ಲಿದ್ದ ಗುಂಬಜವನ್ನು ಅವನು ನೋಡಿರಲಿಲ್ಲ. ಕೊನೆಯವರೆಗೂ ನೋಡಲಿಲ್ಲ. ಊರಿಗೆ ಹೋದಾಗಲೆಲ್ಲ ಮದುವೆ, ತಿಥಿ, ಹೊಲದ ವ್ಯಾಜ್ಯ. ನಾಲ್ಕು ದಿನದ ರಜೆಯಲ್ಲಿ ಗುಂಬಜಕ್ಕೆ ಒಂದು ದಿನ ಎಲ್ಲಿಂದ ತರಬೇಕು? ‘ಅದು ಎಲ್ಲಿ ಹೋಗತದ, ಅಲ್ಲೇ ಇರತದ’ ಎನ್ನುತ್ತಿದ್ದ. ಗುಂಬಜ ಅಲ್ಲೇ ಇದೆ. ಅವನು 2003ರಲ್ಲಿ ಇಲ್ಲಿಯೇ ತೀರಿಕೊಂಡ.

1972ರ ಬರಗಾಲ ಇಲ್ಲಿರುವ ಹಿರಿಯರಿಗೆ ಗೊತ್ತು. ವಿಜಾಪುರ, ಸೊಲ್ಲಾಪುರ ಎರಡೂ ಕಡೆ ಹೊಲ ಹಾಳುಬಿದ್ದು, ಜನ ರಸ್ತೆಯ ಕಾಮಗಾರಿಗೆ ಕಲ್ಲು ಒಡೆಯಲು ಹೋದ ಕಾಲ. ನಾವು ಆಗ ನಾಗಪುರಕ್ಕೆ ಬಂದೆವು. ಎರಡು ವರ್ಷ ಅಣ್ಣನ ಹೋಟೇಲಿನಲ್ಲಿ ಕ್ಲೀನರ್, ಆಮೇಲೆ ಗಿರಣಿ. ಅಣ್ಣ ಮಾತ್ರ ಹೋಟೇಲು ಬಿಡಲಿಲ್ಲ. ಕ್ಲೀನರ್ ಆಗಿದ್ದವನು ಸಪ್ಲಾಯರ್ ಆಗಿ, ಕೊನೆಗೆ ಗಲ್ಲಾದ ಹತ್ತಿರ ನಿಲ್ಲುವವನಾದ. ಊರಿನ ಗಿರಾಕಿಗಳೆಲ್ಲ ಅವನನ್ನು ‘ಅಣ್ಣಾ’ ಎಂದೇ ಕರೆಯುತ್ತಿದ್ದರು. ಅವರ ಬಾಯಲ್ಲಿ ಅದಕ್ಕೆ ಒಡಹುಟ್ಟಿದವನೆಂಬ ಅರ್ಥವಿಲ್ಲ, ದಕ್ಷಿಣದಿಂದ ಬಂದ ಹೋಟೇಲಿನವನು ಎಂಬ ಅರ್ಥ. ಇಲ್ಲಿ ಕುಳಿತಿರುವ ಅರ್ಧ ಜನರಿಗೆ ಈ ಹೆಸರಿನ ಅನುಭವ ಉಂಟು.

ಇನ್ನು ಈ ಸಲದ ಪ್ರಯಾಣ. ಚಿಕ್ಕ ಬಸ್ಸೊಂದನ್ನು ಗೊತ್ತುಮಾಡಿ ವರ್ಧಾ, ಯವತಮಾಳ, ನಾಂದೇಡ, ಲಾತೂರಿನ ಮೇಲೆ ಹಾದು ಸೊಲ್ಲಾಪುರ ಸೇರಿದೆವು. ಲಾತೂರಿನಲ್ಲಿ ಚಹಕ್ಕೆ ನಿಲ್ಲಿಸಿದಾಗ, ನಮ್ಮಲ್ಲಿ ಓದಿಕೊಂಡವರೊಬ್ಬರು ಒಂದು ಸಂಗತಿ ಹೇಳಿದರು. ಅದನ್ನು ಇಲ್ಲಿ ಹೇಳದೆ ಹೋದರೆ ತಪ್ಪಾದೀತು. ನಮ್ಮ ನಾಗಪುರದ ಸೀತಾಬರ್ಡಿಯ ಹೆಸರಿನಲ್ಲಿ ಕರೆಯುವ ಒಂದು ಶಿಲಾಶಾಸನವಿದೆ. ಶಕ 1008, ಎಂದರೆ ಕ್ರಿಸ್ತಶಕ 1087ರದು. ಅದರಲ್ಲಿ ರಾಜನೆಂದು ಹೇಳಿರುವುದು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನನ್ನು. ನಮ್ಮ ಬಸವಕಲ್ಯಾಣದಿಂದ ಆಳಿದ ಅದೇ ವಿಕ್ರಮಾದಿತ್ಯ. ಇಲ್ಲಿ ಅವನ ಕೈಕೆಳಗಿದ್ದ ಮಹಾಸಾಮಂತ ಧಾಡಿಭಂಡಕನೆಂಬವನು ರಾಷ್ಟ್ರಕೂಟರ ಮನೆತನದವನು, ಲಟ್ಟಲೂರಿನಿಂದ ಹೊರಟು ಬಂದವನು. ಲಟ್ಟಲೂರೆಂದರೆ ಈ ಲಾತೂರೇ. ದನ ಮೇಯಲು ಭೂಮಿ ಬಿಟ್ಟುಕೊಟ್ಟ ದಾನವನ್ನು ಆ ಕಲ್ಲು ಹೇಳುತ್ತದೆ. ಐವತ್ತು ವರ್ಷ ಸೀತಾಬರ್ಡಿಯಲ್ಲಿ ಓಡಾಡಿದೆವು, ಅಲ್ಲಿ ಕಪ್ಪು ಬಸಿ ತೊಳೆದೆವು; ಆ ಹೆಸರಿನ ಕಲ್ಲಿನ ಮೇಲೆ ಕನ್ನಡನಾಡಿನ ಅರಸನ ಹೆಸರಿದೆಯೆಂದು ಯಾರೂ ನಮಗೆ ಹೇಳಿರಲಿಲ್ಲ. ನಮಗಿಂತ ಒಂಬೈನೂರು ವರ್ಷ ಮೊದಲು ಆ ದಿಕ್ಕಿನಿಂದ ಇಲ್ಲಿಗೆ ಒಬ್ಬ ಬಂದಿದ್ದ. ಆತ ಸಾಮಂತನಾಗಿ ಬಂದ, ನಾವು ಕ್ಲೀನರ್ ಆಗಿ ಬಂದೆವು, ಅಷ್ಟು ವ್ಯತ್ಯಾಸ.

ಅದೇ ಗೆಳೆಯರು ಮತ್ತೊಂದನ್ನೂ ನೆನಪಿಸಿದರು. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ನಾಗಪುರ ಮಧ್ಯಪ್ರದೇಶದ ರಾಜಧಾನಿಯೆಂಬ ಪಟ್ಟ ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು. ಒಂದೇ ಬಾಗಿಲಿನಿಂದ ಒಬ್ಬರು ಹೊರಗೆ ಹೋದರು, ಒಬ್ಬರು ಒಳಗೆ ಬಂದರು. ನಾವು ಹುಟ್ಟಿದ ವರ್ಷವೂ ಅದೇ.

ಧೂಳಖೇಡದ ಹತ್ತಿರ ಭೀಮಾನದಿ ದಾಟಿದೊಡನೆ ಅಂಗಡಿಗಳ ಫಲಕ ಕನ್ನಡಕ್ಕೆ ತಿರುಗಿದವು. ಉಡುಪಿಯ ಗೆಳೆಯರು ಚಪ್ಪಾಳೆ ತಟ್ಟಿದರು. ಮೊಮ್ಮಗಳು, ಆಕೆಗೆ ಹತ್ತು ವರ್ಷ, ಫಲಕಗಳನ್ನು ನೋಡಿ, ‘ಮುತ್ಯಾ, ಯೇ ಕ್ಯಾ ಲಿಖಾ ಹೈ?’ ಎಂದು ಒಂದೊಂದನ್ನೇ ಕೇಳತೊಡಗಿದಳು. ನಾವು ಓದಿ ಹೇಳಿದೆವು. ಗೊಬ್ಬರದ ಅಂಗಡಿ, ಖಾನಾವಳಿ, ಟಾಯರ ಪಂಕ್ಚರ್. ಮೊದಲು ಸಂತೋಷವಾಯಿತು. ಇಪ್ಪತ್ತು ಫಲಕ ಆದಮೇಲೆ ಸಂತೋಷ ಅಷ್ಟಾಗಿ ಉಳಿಯಲಿಲ್ಲ. ‘ಮುತ್ಯಾ’ ಎಂಬ ಒಂದು ಶಬ್ದ ಬಿಟ್ಟರೆ ನಮ್ಮ ಮನೆಯ ಭಾಷೆ ಆ ಮಗುವಿಗೆ ಅಂಗಡಿಯ ಹೊರಗಿನ ಚಿತ್ರ. ಯಾರ ತಪ್ಪೆಂದು ಬೇರೆಯವರನ್ನು ಹುಡುಕಲು ಹೋಗಲಿಲ್ಲ. ಎರಡು ಪಾಳಿ ದುಡಿದು ಬಂದು ಮಲಗುವ ಮನೆಯಲ್ಲಿ ಅಕ್ಷರ ಕಲಿಸುವ ಹೊತ್ತು ಇರಲಿಲ್ಲ, ಅದು ನಿಜ. ಗಿರಣಿ ಮುಚ್ಚಿದ ಮೇಲೆ ಹೊತ್ತು ಬೇಕಾದಷ್ಟಿತ್ತು, ಆಗಲೂ ಕಲಿಸಲಿಲ್ಲ, ಅದೂ ನಿಜ.

ವಿಜಾಪುರದಲ್ಲಿ ಇಳಿದ ಕೂಡಲೆ ಆಟೋದವನು ನಮ್ಮನ್ನು ನೋಡಿ ಹಿಂದಿಯಲ್ಲಿ ಮಾತಾಡಿಸಿದ. ನಾಚಿಕೆಯ ಮಾತೆಂದರೆ ನಾವೂ ಹಿಂದಿಯಲ್ಲೇ ಉತ್ತರ ಕೊಟ್ಟೆವು. ಬಾಯಿ ರೂಢಿ. ಬಾಡಿಗೆಯ ಚೌಕಾಸಿ ಜೋರಾದಾಗ ನಮ್ಮವರೊಬ್ಬರ ಬಾಯಿಂದ, ‘ಏ ತಮ್ಮಾ, ನಮಗ ಏನ್ ಹೊಸಬರು ಅಂತ ತಿಳದಿಯೇನು?’ ಎಂದು ಬಂದುಬಿಟ್ಟಿತು. ಆಟೋದವನು ನಕ್ಕು, ‘ಯಾವೂರ್ರೀ ಕಾಕಾ ನಿಮ್ದು?’ ಎಂದ. ಇಷ್ಟು ಸುಲಭದ ಪ್ರಶ್ನೆ. ನಾಗಪುರ ಎನ್ನಬೇಕೋ ಇಂಡಿ ಎನ್ನಬೇಕೋ ತಿಳಿಯದೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾಗಪುರದಲ್ಲಿ ಯಾರಾದರೂ ಕೇಳಿದರೆ ಐವತ್ತು ವರ್ಷದಿಂದ ವಿಜಾಪುರ ಎನ್ನುತ್ತ ಬಂದವರು ನಾವು.

ಉಡುಪಿಯ ಗೆಳೆಯರಿಗೆ ಈ ಸಂಕಟವಿರಲಿಲ್ಲ. ಅವರು ಊಟಕ್ಕೆ ಹೋದಲ್ಲೆಲ್ಲ ಮೊದಲು ನೋಡಿದ್ದು ದೋಸೆಕಲ್ಲು, ಆಮೇಲೆ ಗಲ್ಲಾ, ಆಮೇಲೆ ಸಾಂಬಾರು. ‘ಕಲ್ಲು ಕಾದದ್ದು ಸಾಲದು ಮಾರಾಯ್ರೆ’ ಎಂದು ಭಟ್ಟರಿಗೆ ಹೇಳಲು ಹೊರಟವರನ್ನು ಕೈ ಹಿಡಿದು ಕೂರಿಸಬೇಕಾಯಿತು. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕದ ಮುಂದೆ ಮಾತ್ರ ಅವರು ತಕರಾರಿಲ್ಲದೆ ತಲೆ ಬಾಗಿದರು.

ಈಗ ಗೋಲಗುಂಬಜ. ಹುಡುಗರಾಗಿದ್ದಾಗ ನಮಗೆ ಅಲ್ಲಿ ಕಂಡದ್ದು ಪ್ರತಿಧ್ವನಿ ಒಂದೇ. ಜೊತೆಗೆ ಗೈಡು ಹೇಳಿದ ರಂಭೆಯ ಕಥೆ. ದುಡಿದ ಮೈ ತೆಗೆದುಕೊಂಡು ಹೋದರೆ ಬೇರೆಯೇ ಕಾಣುತ್ತದೆ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲಶಾಹ ತಾನು ಬದುಕಿರುವಾಗಲೇ ಕಟ್ಟಿಸತೊಡಗಿದ ತನ್ನ ಗೋರಿ ಇದು. ಒಳಗಿನ ಚೌಕ ಪ್ರತಿ ಬದಿಗೆ ಸುಮಾರು 135 ಅಡಿ. ಹದಿನೆಂಟು ಸಾವಿರ ಚದರ ಅಡಿಗೂ ಮಿಕ್ಕಿದ ನೆಲ, ನಡುವೆ ಒಂದು ಕಂಬವಿಲ್ಲ. ಮೇಲಿನ ಗುಮ್ಮಟದ ಒಳ ಅಗಲ 124 ಅಡಿ. ಗಿರಣಿಯಲ್ಲಿ ಮಗ್ಗದ ಸಾಲುಗಳ ನಡುವೆ ಎಷ್ಟೊಂದು ಕಂಬಗಳಿದ್ದವು, ನೆನಪು ಮಾಡಿಕೊಳ್ಳಿ. ಇಲ್ಲಿ ಭಾರ ಎಲ್ಲಿ ಹೋಯಿತು ಎಂದು ತಲೆಯೆತ್ತಿ ನೋಡುತ್ತ ನಿಂತೆವು.

ಉಪಾಯವಿದು: ಚೌಕದ ಗೋಡೆಗಳಿಂದ ಎಂಟು ಕಮಾನುಗಳು ಎದ್ದು ಒಂದನ್ನೊಂದು ಕತ್ತರಿಸಿ ಮೇಲೆ ಒಂದು ಬಳೆಯ ಹಾಗೆ ಕೂಡಿಕೊಳ್ಳುತ್ತವೆ. ಕೊಡ ಹೊರುವಾಗ ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುವುದಿಲ್ಲವೆ, ಹಾಗೆ ಆ ಬಳೆಯ ಮೇಲೆ ಗುಮ್ಮಟ ಕುಳಿತಿದೆ. ಗುಮ್ಮಟ ಗೋಡೆಯನ್ನು ಹೊರಕ್ಕೆ ನೂಕಲು ಹವಣಿಸುತ್ತದೆ. ಕಮಾನುಗಳು ಒಳಕ್ಕೆ ಚಾಚಿಕೊಂಡಿರುವುದರಿಂದ ಅವುಗಳ ಭಾರ ಒಳಕ್ಕೆ ಎಳೆಯುತ್ತದೆ. ಎರಡೂ ಸೇರಿ ಸಮತೂಕ. ಇಟ್ಟಿಗೆ, ಗಾರೆ, ಮತ್ತು ಈ ಲೆಕ್ಕ. ರೋಮಿನ ಸಂತ ಪೀಟರನ ಇಗರ್ಜಿಯ ಗುಮ್ಮಟ ಇದಕ್ಕಿಂತ ಸ್ವಲ್ಪ ಅಗಲವಂತೆ, ಇರಲಿ. ಅಷ್ಟೆತ್ತರಕ್ಕೆ ಅಟ್ಟಣಿಗೆ ಕಟ್ಟಿ ಗಾರೆಯ ಬುಟ್ಟಿ ಕೈಯಿಂದ ಕೈಗೆ ದಾಟಿಸಿದವರ ಲೆಕ್ಕ ಯಾವ ಫಲಕದಲ್ಲೂ ಇಲ್ಲ. ಕಟ್ಟಿದವನು ದಾಬೂಲದ ಯಾಕೂತನೆಂದು ಹೇಳುವುದುಂಟು. ಒಬ್ಬನ ಹೆಸರಾದರೂ ಉಳಿದಿದೆ.

ಮೇಲೆ ಹತ್ತಲು ಮೂಲೆಯ ಬುರುಜಿನೊಳಗೆ ಇಕ್ಕಟ್ಟಾದ ಮೆಟ್ಟಿಲು, ಏಳು ಅಂತಸ್ತು. ಹನ್ನೆರಡರ ವಯಸ್ಸಿನಲ್ಲಿ ಓಡಿ ಹತ್ತಿದ್ದೆವು. ಈಗ ಪ್ರತಿ ಅಂತಸ್ತಿನಲ್ಲೂ ಕಿಟಕಿಯ ಹೊರಗೆ ದೃಶ್ಯ ನೋಡುವ ನೆವದಿಂದ ನಿಂತೆವು. ನಮ್ಮ ಹಿಂದಿನಿಂದ ಯಾವುದೋ ಶಾಲೆಯ ಮಕ್ಕಳು, ‘ಕಾಕಾ, ಸರೀರಿ’ ಎನ್ನುತ್ತ ನುಗ್ಗಿಹೋದವು. ಡಿಸೆಂಬರ್ ತಿಂಗಳೆಂದರೆ ಪ್ರವಾಸದ ತಿಂಗಳು. ಮೇಲೆ ಹೋಗಿ ನೋಡಿದರೆ ಗ್ಯಾಲರಿಯ ತುಂಬ ಮಕ್ಕಳು, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದಾರೆ, ಸಿಳ್ಳೆ ಹಾಕುತ್ತಿದ್ದಾರೆ. ಆ ಗದ್ದಲ ಗುಮ್ಮಟದೊಳಗೆ ಸುತ್ತಿ ಸುತ್ತಿ ಥೇಟು ಮಗ್ಗದ ಖಾತೆ. ನಾವು ನಾಲ್ವರೂ ಕೇಳದೆಯೇ ಕೈಸನ್ನೆಗೆ ತೊಡಗಿದ್ದೆವು. ಉಡುಪಿಯವರು ಅದನ್ನು ನೋಡಿ ಬಿದ್ದು ಬಿದ್ದು ನಕ್ಕರು. ಪ್ರತಿಧ್ವನಿಯೂ ಇಲ್ಲ, ಏನೂ ಇಲ್ಲ, ಇಳಿದು ಬಂದೆವು. ಕಾವಲಿನ ಮನುಷ್ಯ ನಮ್ಮ ಮುಖ ನೋಡಿ, ‘ನಾಳಿ ಬೆಳಿಗ್ಗಿ ಬಾಗಲಾ ತೆಗೆದ ಕೂಡ್ಲೆ ಬರ್ರಿ ಯಜಮಾನ್ರ. ಆಗ ಗುಮ್ಮಟ ನಿಮ್ಮ ಮಾತು ಕೇಳತದ’ ಎಂದ.

ಮಾರನೆಯ ಬೆಳಿಗ್ಗೆ ಮಂಜಿನಲ್ಲಿ ಹೋದೆವು. ಮೇಲೆ ನಮ್ಮ ಹೊರತು ಯಾರೂ ಇಲ್ಲ. ಉಡುಪಿಯ ಗೆಳೆಯರೊಬ್ಬರು ಗೋಡೆಗೆ ಬಾಯಿಟ್ಟು ಏನೋ ಪಿಸುಗುಟ್ಟಿದರು, ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟವರು ‘ಕೇಳಿತು, ಕೇಳಿತು’ ಎಂದರು. ಆಮೇಲೆ ಎಲ್ಲರೂ ನಮ್ಮನ್ನು ಮುಂದೆ ಮಾಡಿದರು. ಅಣ್ಣನ ಸಂಗತಿ ಎಲ್ಲರಿಗೂ ಗೊತ್ತಿತ್ತು. ಸಂಕೋಚವಾಯಿತು. ಎಪ್ಪತ್ತರ ಹತ್ತಿರ ಬಂದವರು ಹುಡುಗರ ಹಾಗೆ ಕೂಗುವುದೆ? ಕೂಗಿದೆವು. ‘ಅಣ್ಣಾ’.

ಒಂದು ಸಲ ತಿರುಗಿ ಬಂತು. ಎರಡನೆಯದು ಬಂತು. ಮೂರನೆಯದು ಬಂತೋ ಇಲ್ಲವೋ ಎಂಬಂತಿತ್ತು. ಅಷ್ಟೇ. ಗುಮ್ಮಟಕ್ಕೆ ಏನೋ ಆಗಿದೆ, ದುರಸ್ತಿಯಲ್ಲಿ ಕೆಡಿಸಿದ್ದಾರೆ ಎಂದುಕೊಂಡು ಹಿಂದಿರುಗಿ ನೋಡಿದರೆ ಉಳಿದವರೆಲ್ಲ ಇನ್ನೂ ಕಿವಿಗೊಟ್ಟು ನಿಂತಿದ್ದಾರೆ. ಆಗ ತಿಳಿಯಿತು. ಇಪ್ಪತ್ತಾರು ವರ್ಷ ಮಗ್ಗದ ಮುಂದೆ ನಿಂತ ಕಿವಿ ನಮ್ಮದು. ಲಾಳಿ ಬಡಿದ ಏಟು ಕಿವಿಗೆ ಒಂದೊಂದಾಗಿ ಬೀಳುತ್ತಿರುವಾಗ ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ರೇಡಿಯೋ ಜೋರು ಮಾಡುತ್ತೇವೆ, ಹೆಂಡತಿ ಸಿಟ್ಟಾಗುತ್ತಾಳೆ, ಅಷ್ಟಕ್ಕೇ ಮಾತು ಮುಗಿಯುತ್ತದೆ. ಆ ಕಾಲದಲ್ಲಿ ಕಿವಿಗೆ ಹಾಕಿಕೊಳ್ಳಲು ನಮಗೆ ಏನೂ ಕೊಟ್ಟಿರಲಿಲ್ಲ; ಇದ್ದದ್ದು ಬಟ್ಟೆಯ ಹತ್ತಿ, ಅದನ್ನೇ ಕೆಲವರು ತುರುಕಿಕೊಳ್ಳುತ್ತಿದ್ದರು. ಗಿರಣಿಗಳಲ್ಲಿ, ಕಾರಖಾನೆಗಳಲ್ಲಿ ಈಗಲೂ ಸದ್ದಿನ ನಡುವೆ ದುಡಿಯುವ ಹುಡುಗರು ಇಲ್ಲಿದ್ದಾರೆ. ಕಿವಿಯ ಪರೀಕ್ಷೆ ಮಾಡಿಸಿಕೊಳ್ಳಿರಪ್ಪ, ಕೊಟ್ಟ ಸಾಧನವನ್ನು ಜೇಬಿನಲ್ಲಿಡಬೇಡಿ, ಕಿವಿಯಲ್ಲಿಡಿ. ಭಾಷಣದ ನಡುವೆ ಈ ಮಾತು ಯಾಕೆಂದು ಕೇಳಬಾರದು.

ಮೊಮ್ಮಗಳು ನಮ್ಮ ಮುಖವನ್ನೇ ನೋಡುತ್ತಿದ್ದಳು. ಆಕೆಗೆ ಯಾರೂ ಏನೂ ಹೇಳಿರಲಿಲ್ಲ. ‘ಮುತ್ಯಾ, ಫಿರ್ ಸೆ’ ಎಂದು ಸನ್ನೆ ಮಾಡಿದಳು. ಇನ್ನೊಮ್ಮೆ ಕೂಗಿದೆವು. ಆಕೆ ನಮ್ಮ ಕಣ್ಣ ಮುಂದೆ ಕೈ ಹಿಡಿದು ಒಂದೊಂದೇ ಬೆರಳು ಬಿಚ್ಚತೊಡಗಿದಳು. ಒಂದು, ಎರಡು, ಮೂರು. ನಮಗೆ ಅಲ್ಲಿಗೆ ಮುಗಿಯಿತು. ಆಕೆಯ ಬೆರಳು ಮಾತ್ರ ನಿಲ್ಲಲಿಲ್ಲ. ಒಂದು ಕೈ ತುಂಬಿತು, ಎರಡನೆಯ ಕೈ ಎತ್ತಿದಳು. ಏಳಕ್ಕೆ ಬಂದು ಸ್ವಲ್ಪ ಹೊತ್ತು ತಡೆದು, ತಲೆ ಓರೆಮಾಡಿ ಕೇಳಿ, ಎಂಟನೆಯದನ್ನೂ ಬಿಚ್ಚಿದಳು. ಆಮೇಲೆ ತಾನೂ ಕೂಗಬೇಕೆಂದಳು. ಹಿಂದಿಯೋ ಮರಾಠಿಯೋ ಏನಾದರೂ ಕೂಗಿಯಾಳು ಎಂದುಕೊಂಡೆವು. ‘ಮುತ್ಯಾ’ ಎಂದು ಕೂಗಿದಳು. ಮಕ್ಕಳ ಸಣ್ಣ ಧ್ವನಿ ನಮಗೆ ಒಂದೇ ಸಲ ಕೇಳಿಸಿತು.

ಮಲಿಕ್ ಎ ಮೈದಾನ್ ತೋಪಿನ ಹತ್ತಿರ ಗಿರಣಿಯವರಿಗೆ ಬೇಕಾದ ಒಂದು ಸಂಗತಿ ಸಿಕ್ಕಿತು. ಅದು 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬವನು ಎರಕ ಹೊಯ್ದ ತೋಪು. ಹದಿನಾಲ್ಕು ಅಡಿ ಉದ್ದ, ತೂಕ ಸುಮಾರು 55 ಟನ್ ಎನ್ನುತ್ತಾರೆ. ಇಂಥದನ್ನು 1854ರಲ್ಲಿ ಇಂಗ್ಲಿಷರ ಅಧಿಕಾರಿಗಳು ಹರಾಜಿಗಿಟ್ಟರಂತೆ. ಬಂದ ಬೆಲೆ 150 ರೂಪಾಯಿ. ಯಾರೋ ಮೇಲಿನವರಿಗೆ ನಾಚಿಕೆಯಾಗಿ ಹರಾಜು ರದ್ದಾಯಿತು, ತೋಪು ಉಳಿಯಿತು. ನಮ್ಮ ಗಿರಣಿ ಮುಚ್ಚಿದ ಮೇಲೆ ನಾವು ನಡೆಸಿದ ಮಗ್ಗಗಳು ಮೋಡಕಾ ಹರಾಜಿನಲ್ಲಿ ತೂಕಕ್ಕೆ ಹೋದದ್ದನ್ನು ಗೇಟಿನ ಹೊರಗೆ ನಿಂತು ನೋಡಿದವರು ನಾವು. ಅಲ್ಲಿ ರದ್ದು ಮಾಡುವವರು ಯಾರೂ ಬರಲಿಲ್ಲ. ತೋಪಿನ ಬಾಯಿಯ ಸಿಂಹದ ಮುಖವನ್ನು ನಮ್ಮವರೊಬ್ಬರು ಕೈಯಿಂದ ಸವರಿ ಸವರಿ ನೋಡಿದರು. ಅವರು ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು.

ಇಬ್ರಾಹಿಂ ರೋಜಾ ಮಾತ್ರ ಚಿತ್ತಕ್ಕೆ ಹಿತವಾದ ಕಟ್ಟಡ. ಗೋಲಗುಂಬಜದ ಮುಂದೆ ನಾವು ಇರುವೆಗಳಾಗುತ್ತೇವೆ, ಇಲ್ಲಿ ಮನುಷ್ಯರಾಗಿಯೇ ಉಳಿಯುತ್ತೇವೆ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹ ಸಂಗೀತದ ಹುಚ್ಚಿನವನು. ‘ಕಿತಾಬ್ ಎ ನವರಸ’ ಎಂಬ ಹಾಡುಗಳ ಪುಸ್ತಕವನ್ನು ದಖನಿ ಭಾಷೆಯಲ್ಲಿ ಬರೆದು, ಅದರಲ್ಲಿ ಸರಸ್ವತಿ ಗಣಪತಿಯರನ್ನು ಸ್ತುತಿಸಿದವನು. ಜನ ಅವನನ್ನು ಜಗದ್ಗುರು ಎಂದು ಕರೆದರು. ಈ ರೋಜಾವನ್ನು ಕಟ್ಟಿದ ಮಲಿಕ್ ಸಂದಲ್ ತನ್ನ ಹೆಸರನ್ನೂ ಖರ್ಚನ್ನೂ ಕಲ್ಲಿನಲ್ಲಿ ಬರೆಸಿದ್ದಾನೆ: ಒಂದೂವರೆ ಲಕ್ಷ ಹೊನ್ನು, ಮೇಲೆ ಒಂಬೈನೂರು. ಆ ಮೇಲಿನ ಒಂಬೈನೂರನ್ನೂ ಬಿಡದೆ ಬರೆಸಿದ್ದು ನಮ್ಮ ಉಡುಪಿಯ ಗೆಳೆಯರಿಗೆ ಬಹಳ ಹಿಡಿಸಿತು. ‘ಗಲ್ಲಾದಲ್ಲಿ ಕೂರಿಸಬೇಕಾದ ಮನುಷ್ಯ’ ಎಂದರು.

ಅದೇ ಕಾಲದಲ್ಲಿ, 1620ರಲ್ಲಿ ಕಟ್ಟಿದ ತಾಜ್ ಬಾವಡಿ ಬಹಳ ವರ್ಷ ಕೊಳೆತು ನಾರುತ್ತಿತ್ತು. ಕೆಲವು ವರ್ಷಗಳ ಹಿಂದೆ ಅದರ ಹೂಳು ತೆಗೆದರು, ಒಳ್ಳೆಯದಾಯಿತು. ವಿಜಾಪುರದ ಅರಸರು ನೀರಿನ ವಿಷಯದಲ್ಲಿ ಮೈಮರೆತವರಲ್ಲ. ತೊರವಿಯಿಂದ, 1651ರಲ್ಲಿ ಕಟ್ಟಿಸಿದ ಬೇಗಂ ತಲಾಬದಿಂದ ನೆಲದೊಳಗೆ ಕೊಳವೆ ಹಾಕಿ, ನಡುನಡುವೆ ನೀರಿನ ಒತ್ತಡ ಇಳಿಸಲು ಗೋಪುರಗಳನ್ನಿಟ್ಟು ಊರಿಗೆ ನೀರು ತಂದಿದ್ದರು. ಆ ಗೋಪುರಗಳಲ್ಲಿ ಕೆಲವು ಈಗಲೂ ನಿಂತಿವೆ. ಹುಡುಗರಾಗಿದ್ದಾಗ ಅವನ್ನು ಕಾವಲು ಗೋಪುರವೆಂದು ತಿಳಿದಿದ್ದೆವು. ಔರಂಗಜೇಬನು 1686ರ ಸೆಪ್ಟೆಂಬರಿನಲ್ಲಿ ಊರನ್ನು ಗೆದ್ದುಕೊಂಡ ಮೇಲೆ ಎಲ್ಲ ಇಳಿದುಹೋಯಿತು. ದೇವಗಡದ ಗೊಂಡ ರಾಜ ಬಖ್ತ್ ಬುಲಂದ್ ಅದೇ ಔರಂಗಜೇಬನ ಆಶ್ರಯ ಪಡೆದವನು. 1702ರಲ್ಲಿ ಹಳ್ಳಿಗಳನ್ನು ಕೂಡಿಸಿ ನಾಗಪುರವನ್ನು ಕಟ್ಟಿದವನು ಅವನೇ. ಒಂದೇ ಬಾದಶಹನ ಕಾಲದಲ್ಲಿ ನಾವು ಹುಟ್ಟಿದ ಕಡೆಯ ಊರು ಬಿದ್ದಿತು, ನಾವು ದುಡಿದ ಊರು ಎದ್ದಿತು.

ಸಾಠ್ ಕಬರಿಗೆ ಹೋಗಲಿಲ್ಲ. ಅಲ್ಲಿಯ ಕಥೆ ಮೊಮ್ಮಕ್ಕಳಿಗೆ ಹೇಳುವಂಥದಲ್ಲ.

ಒಂದು ಹೆಸರನ್ನು ಇಲ್ಲಿ ಹೇಳಬೇಕು. ನಾವು 1968ರಲ್ಲಿ ವಿಜಾಪುರಕ್ಕೆ ಹೋದಾಗ, ಅದಕ್ಕೆ ನಾಲ್ಕೇ ವರ್ಷ ಮೊದಲು, 1964ರಲ್ಲಿ, ಆ ಊರಿನಲ್ಲಿ ಫ. ಗು. ಹಳಕಟ್ಟಿಯವರು ತೀರಿಕೊಂಡಿದ್ದರು. ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲಿ ಮಾಡಿದವರು. ಮನೆಮನೆಗೆ, ಮಠಮಠಕ್ಕೆ ಅಲೆದು ತಾಳೆಗರಿಗಳಲ್ಲಿ ಕೊಳೆಯುತ್ತಿದ್ದ ವಚನಗಳನ್ನು ಕೂಡಿಹಾಕಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬಂತು. ಅಚ್ಚು ಹಾಕಿಸಲು ಸ್ವಂತ ಮನೆ ಮಾರಿ 1925ರಲ್ಲಿ ‘ಹಿತಚಿಂತಕ’ ಎಂಬ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ತೆಗೆದರು. ಮಾದಾರ, ಅಂಬಿಗ, ಮಡಿವಾಳ, ಕಟ್ಟಿಗೆ ಮಾರುವವನು, ಕಾಳು ಆಯುವವಳು, ಇಂಥ ದುಡಿಯುವವರ ಮಾತುಗಳು ಇವತ್ತು ನಮ್ಮ ಕೈಗೆ ಪುಸ್ತಕವಾಗಿ ಸಿಕ್ಕುವುದಕ್ಕೆ ಆ ಮನೆ ಮಾರಿದ್ದು ಕಾರಣ. ಗೋರಿಗಳ ಸುಲ್ತಾನರ ಹೆಸರುಗಳನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ಈ ಹೆಸರನ್ನು ಆ ಪ್ರವಾಸದಲ್ಲಿ ಯಾರೂ ಎತ್ತಲಿಲ್ಲ. ಅವರ ಹೆಸರಿನ ಸಂಶೋಧನ ಕೇಂದ್ರ ಈಗ ಆ ಊರಿನಲ್ಲಿದೆ. ಹತ್ತು ಪುಟದ ಸಂಘದ ಪತ್ರಿಕೆಗೆ ಕಾಗದದ ಖರ್ಚು ಹೊಂದಿಸಲು ಒದ್ದಾಡುವ ನಮಗೆ ಅವರ ಕಷ್ಟ ಸ್ವಲ್ಪ ಅರ್ಥವಾಗುತ್ತದೆ.

ಮೂರನೆಯ ದಿನ ನಾವು ನಾಲ್ವರು ಊರಿಗೆ ಹೋದೆವು. ನಮ್ಮ ಮನೆ ಬಿದ್ದು ಎಷ್ಟೋ ವರ್ಷ; ಜಾಗದಲ್ಲಿ ಬೇರೆಯವರ ಕಣಕಿಯ ಬಣವೆ ಇತ್ತು. ಆದರೆ ಊರಿನ ಆಚೆ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಅದೇ ವರ್ಷ ನಮ್ಮ ಅಣ್ಣ ಊರು ಬಿಟ್ಟ. ಅಣೆಕಟ್ಟು ಪೂರ್ತಿಯಾಗಲು ನಾಲ್ಕು ದಶಕ ಹಿಡಿಯಿತು. ಅದಕ್ಕಾಗಿ ಕೃಷ್ಣೆಯ ದಂಡೆಯ ಹಳ್ಳಿಗಳು ಮುಳುಗಿದವು, ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳು ಮುಳುಗಿದವು. ಅವರ ದುಃಖ ಅವರಿಗೆ ಗೊತ್ತು. ನಮ್ಮ ಕಡೆಯ ಲಿಂಬೆಯ ತೋಟಗಳು ಹಸಿರಾಗಿದ್ದವು. ಕಾಲುವೆಯ ದಂಡೆಯ ಮೇಲೆ ಕುಳಿತು ನಾಲ್ವರೂ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಫಿಟ್ಟರ್ ಗೆಳೆಯರು, ‘ಈ ನೀರು ಎಪ್ಪತ್ತೆರಡರಾಗ ಬಂದಿದ್ರ…’ ಎಂದರು. ಬಂದಿದ್ದರೆ ಏನು ಎಂಬುದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಸಂಸಾರ, ಮಕ್ಕಳು, ಪಕ್ಕದ ಮನೆಯ ಮರಾಠಿ ಅಕ್ಕ, ಈ ಪ್ರತಾಪ ನಗರದ ಬಾಡಿಗೆ ಮನೆ, ಎಲ್ಲವೂ ಆ ನೀರು ಆಗ ಬಾರದ್ದರಿಂದಲೇ ಬಂದವು.

ತಿರುಗಿ ಬಂದ ಮೇಲೆ ಮೊಮ್ಮಗಳು ಒಂದು ವಹಿ ತಂದು ಮುಂದೆ ಹಿಡಿದಳು. ‘ಮುತ್ಯಾ’ ಎಂಬುದನ್ನು ಹೇಗೆ ಬರೆಯುವುದೆಂದು ತೋರಿಸಬೇಕಂತೆ. ಮೊದಲು ಬರೆಯಲು ಆ ಒತ್ತಕ್ಷರ ಸ್ವಲ್ಪ ಕಷ್ಟವೇ. ‘ಅಣ್ಣ’ದಲ್ಲೂ ಒತ್ತು ಇದೆ, ಅದರಿಂದಲೂ ಬಿಡುಗಡೆಯಿಲ್ಲ. ಈಗ ಭಾನುವಾರ ಬೆಳಿಗ್ಗೆ ಆಕೆ ಮತ್ತು ಪಕ್ಕದ ಓಣಿಯ ಮೂವರು ಮಕ್ಕಳು ನಮ್ಮ ಮನೆಗೆ ಬರುತ್ತಾರೆ. ಜಾಗ ಇಕ್ಕಟ್ಟು. ಸಂಘದವರು ಈ ಸಭಾಗೃಹದ ಕೀಲಿಯನ್ನು ಭಾನುವಾರ ಎರಡು ತಾಸು ಕೊಟ್ಟರೆ ಇನ್ನೂ ಹತ್ತು ಮಕ್ಕಳು ಕೂಡಬಹುದು. ಅಧ್ಯಕ್ಷರು ಇಲ್ಲಿಯೇ ಇದ್ದಾರೆ, ಎಲ್ಲರ ಎದುರಿಗೇ ಕೇಳುತ್ತಿದ್ದೇವೆ.

ಕೊನೆಯದಾಗಿ ಒಂದು ಪ್ರಕಟಣೆ. ಬರುವ ಡಿಸೆಂಬರಿನಲ್ಲಿ ಮತ್ತೆ ಬಸ್ಸು ಹೊರಡುತ್ತದೆ. ಈ ಸಲ ವಿಜಾಪುರದಿಂದ ಮುಂದೆ ಬಾದಾಮಿ, ಐಹೊಳೆಗೂ ಹೋಗುವ ಆಲೋಚನೆಯಿದೆ. ಹೋಟೇಲಿನಲ್ಲಿ ಕೆಲಸಮಾಡುವ ಹುಡುಗರು ಮಾಲಕರಿಗೆ ಈಗಿನಿಂದಲೇ ಹೇಳಿ ರಜೆ ಗೊತ್ತುಮಾಡಿಕೊಳ್ಳಬೇಕು. ‘ಅದು ಎಲ್ಲಿ ಹೋಗತದ’ ಎನ್ನುವವರ ಹೆಸರನ್ನು ಮೊದಲು ಬರೆದುಕೊಳ್ಳುತ್ತೇವೆ. ಗುಂಬಜ ಹತ್ತುವವರು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬೇಕು, ತಡವಾದರೆ ಶಾಲೆಯ ಮಕ್ಕಳು ಬಂದುಬಿಡುತ್ತಾರೆ. ಹೆಸರುಗಳನ್ನು ಕಾರ್ಯದರ್ಶಿಗಳ ಹತ್ತಿರ ಕೊಡಿರಿ. ನಮ್ಮ ಹತ್ತಿರ ಹೇಳುವವರು ಬಲಗಡೆ ನಿಂತು ಹೇಳಿ, ಆ ಕಿವಿ ಸ್ವಲ್ಪ ವಾಸಿ.